ಸ್ಪ್ರಿಂಕ್ಲರ್ ಆಮೇಲೆ, ಮೊದ್ಲು ನೀರಿನ ಲೆಕ್ಕ

ಕಾಡ್ಗಿಚ್ಚಿಗೆ ಮನೆ ಸಿಗದ ಹಾಗೆ ಸ್ಪ್ರಿಂಕ್ಲರ್ ಹಾಕಿಸ್ಬೇಕು ಅನ್ನೋರೆಲ್ಲ ಮೊದ್ಲು ಕೇಳೋದು ಯಾವ ಹೆಡ್ (ನೀರು ಚಿಮ್ಮೋ ತಲೆ) ತಗೊಳ್ಳೋದು, ಹಿತ್ತಾಳೆದಾ ಪ್ಲಾಸ್ಟಿಕ್ಕಾ ಅಂತ. ನನ್ನ ಕೇಳಿದ್ರೆ ಅದು ಕೊನೇ ಪ್ರಶ್ನೆ (ಉತ್ತರ ಹಿತ್ತಾಳೆ, ಮುಗೀತು). ಬೆಂಕಿ ಬಂದ ದಿನ ನೀರು ಎಲ್ಲಿಂದ ಬರುತ್ತೆ, ಎಷ್ಟೊತ್ತು ಬರುತ್ತೆ ಅನ್ನೋದನ್ನ ಮೊದ್ಲು ಕೂತ್ಕೊಂಡು ಲೆಕ್ಕ ಹಾಕ್ಬೇಕು.

ನಲ್ಲಿ ನೀರು ನಂಬ್ಕೊಂಡ್ರೆ ಕೆಟ್ರಿ. ಎಲ್ರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಪ್ರೆಶರ್ ಬಿದ್ದೋಗುತ್ತೆ, 2025ರ ಜನವರೀಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿ ಟೈಮಲ್ಲಿ ಎತ್ತರದ ಏರಿಯಾಗಳಲ್ಲಿ ಫೈರ್ ಹೈಡ್ರಂಟ್‌ಗಳೇ (ಅಗ್ನಿಶಾಮಕದವರು ನೀರು ಹಿಡಿಯೋ ಬೀದಿ ನಲ್ಲಿಗಳು) ಒಣಗಿ ನಿಂತಿದ್ವು. ಕರೆಂಟಂತೂ ಮೊದ್ಲೇ ಹೋಗಿರುತ್ತೆ, ಅಂದ್ಮೇಲೆ ಮೋಟರ್ ಪಂಪು ಇದ್ದೂ ಇಲ್ಲದಂಗೆ. ಸ್ವಂತ ಟ್ಯಾಂಕು ಅಥವಾ ಕೆರೆ, ಜೊತೆಗೊಂದು ಇಂಜಿನ್ ಪಂಪು, ಇಷ್ಟು ಬೇಕೇ ಬೇಕು. ಆಗೋದಾದ್ರೆ ಡೀಸೆಲ್ಲೇ ಇರಲಿ, ಬಿಸಿಗೆ ಪೆಟ್ರೋಲ್ ಲೈನಲ್ಲೇ ಆವಿಯಾಗಿ ಇಂಜಿನ್ ನಿಂತೋಗೋ ಚಾನ್ಸ್ ಇರುತ್ತೆ.

ಈಗ ಲೆಕ್ಕ. ಒಂದು ಹೆಡ್ಡು ನಿಮಿಷಕ್ಕೆ 15 ಲೀಟರ್ ಚೆಲ್ಲುತ್ತೆ ಅಂತಿಟ್ಕೊಳ್ಳಿ, 10 ಇದ್ರೆ 150, ಗಂಟೆಗೆ 9,000 ಲೀಟರ್. 10,000 ಲೀಟರ್ ಟ್ಯಾಂಕು ಒಂದು ಗಂಟೆ ಚಿಲ್ಲರೆಗೆ ತಳ ಕಾಣುತ್ತೆ, ಆದ್ರೆ ಕಿಡಿಗಳು ಬೆಂಕಿಗಿಂತ ಮುಂಚೇನೇ ಗಾಳೀಲಿ ಹಾರಿ ಬಂದು ಬೀಳೋಕೆ ಶುರುವಾಗಿ ಬೆಂಕಿ ದಾಟಿ ಹೋದ್ಮೇಲೂ ಗಂಟೆಗಟ್ಟಲೆ ಬೀಳ್ತಾನೇ ಇರ್ತವೆ. ಮನೆಗಳು ಹೆಚ್ಚಾಗಿ ಹತ್ಕೊಳ್ಳೋದೂ ಈ ಕಿಡಿಗಳಿಂದಾನೇ. ಹಾಗಾಗಿ ಎಲ್ಲಾ ಕಡೆ ಮಳೆ ಸುರಿಸೋ ಬದ್ಲು ಕಿಡಿ ಕೂರೋ ಜಾಗ ನೋಡಿ: ತರಗೆಲೆ ತುಂಬಿರೋ ಸೂರಂಚಿನ ಗಟರ್, ಮರದ ಜಗಲಿ ಸಂದಿ, ಗೋಡೆ ಬುಡ. ತಗಡಿನ ಸೂರಿನ ನಡುಮಧ್ಯ ನೆನೆಸಿ ಏನು ಪ್ರಯೋಜನ? ಗಾಳಿಕಿಂಡಿ ಒಳಗೆ ನುಗ್ಗೋ ಕಿಡಿಗಂತೂ ಸ್ಪ್ರಿಂಕ್ಲರ್ ಏನೂ ಮಾಡಕ್ಕಾಗಲ್ಲ, ಅದಕ್ಕೆ ಸಣ್ಣ ಕಣ್ಣಿನ ಲೋಹದ ಜಾಲರೀನೇ ಗತಿ. ಮಂಜಿನಂಗೆ ಚಿಮ್ಮೋ ನಾಝಲ್ ಬೇಡ, ಆ ಗಾಳೀಲಿ ನೀರು ಪಕ್ಕದ ಹೊಲಕ್ಕೆ ಹೋಗುತ್ತೆ. ದಪ್ಪ ಹನಿ ಬೇಕು.

ಹಂಗಂತ ಇದೆಲ್ಲ ಸುಮ್ನೆ ಅಂತಲ್ಲ. 2007ರಲ್ಲಿ ಅಮೆರಿಕದ ಮಿನೆಸೋಟದ ಹ್ಯಾಮ್ ಲೇಕ್ ಬೆಂಕಿಯಲ್ಲಿ ಕೆರೆಯಿಂದ ನೀರೆಳೆಯೋ ಸ್ಪ್ರಿಂಕ್ಲರ್ ಓಡ್ತಿದ್ದ ಮನೆಗಳು ಬಹುಪಾಲು ಉಳ್ಕೊಂಡ್ವು. ನೀರು ಖಾಲಿಯಾಗೋ ಮಾತೇ ಇರ್ಲಿಲ್ಲ ನೋಡಿ.

ಪೈಪು ನೆಲದ ಮೇಲಿದ್ರೆ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರ, ಪಿವಿಸಿ ಕರಗುತ್ತೆ, ಹಾಕಲೇಬೇಕಂದ್ರೆ ಆಳವಾಗಿ ಹೂಳಿ. ಪಂಪು ಟ್ಯಾಂಕಿನ ಬುಡಕ್ಕಿಂತ ಕೆಳಗಿದ್ರೆ ಅರ್ಧ ತಲೆನೋವು ಕಮ್ಮಿ, ನೀರು ತಾನೇ ಇಳಿದು ಬರುತ್ತೆ. ಕೆರೆಯಿಂದ ಎಳೆಯೋದಾದ್ರೆ ನೀರಿನ ಮಟ್ಟದಿಂದ ಪಂಪಿಗಿರೋ ಎತ್ತರ ಲೆಕ್ಕದ ಪ್ರಕಾರ 10 ಮೀಟರ್ ಅಂದ್ರೂ ನಿಜವಾಗಿ 7 ಮೀಟರ್ ದಾಟೋದು ಕಷ್ಟ. ಮತ್ತೆ ಕೆರೆಯೊಳಗಿನ ಪೈಪಿನ ತುದೀಲಿ ನೀರು ವಾಪಸ್ ಇಳಿಯದಂಗೆ ತಡೆಯೋ ಆ ಫುಟ್‌ವಾಲ್ವ್! ಅದರ ಬಾಯಲ್ಲಿ ಒಂದು ಎಲೆ ಸಿಕ್ಕಾಕೊಂಡ್ರೆ ಸಾಕು, ರಾತ್ರಿ ಪ್ರೈಮ್ ಮಾಡಿ, ಅಂದ್ರೆ ಪಂಪು ಪೈಪಲ್ಲಿ ಮೊದ್ಲೇ ತುಂಬಿಟ್ಟ ನೀರೆಲ್ಲ ಬೆಳಗಾಗೋದ್ರೊಳಗೆ ಇಳಿದೋಗಿರುತ್ತೆ, ಇಂಜಿನ್ ಮಾತ್ರ ಜೋರಾಗಿ ಬಡ್ಕೊಳ್ತಿರುತ್ತೆ, ಸ್ಪ್ರಿಂಕ್ಲರಲ್ಲಿ ಹನಿ ನೀರಿಲ್ಲ, ಪಂಪಿನ ಸೀಲೂ ಸುಟ್ಟೋಗುತ್ತೆ.

ಊರು ಬಿಡಿ ಅಂದ್ರೆ ಬಿಡ್ಬೇಕು, ಅದರಲ್ಲಿ ಚರ್ಚೆ ಇಲ್ಲ, ಪಂಪು ಸ್ಟಾರ್ಟ್ ಮಾಡಿ ಹೊರಡೋದಷ್ಟೇ. ಆಗ ಲೆಕ್ಕಕ್ಕೆ ಬರೋದು ಇಂಧನದ ಟ್ಯಾಂಕು. ಸಣ್ಣ ಪಂಪುಗಳ ಜೊತೆ ಬರೋ ಟ್ಯಾಂಕು ತುಂಬಾ ಚಿಕ್ಕದು, ನೀರಿಗಿಂತ ಮೊದ್ಲು ಅದೇ ಖಾಲಿಯಾಗ್ಬಹುದು, ತುಂಬ್ಸೋಕೆ ಅಲ್ಲಿ ಯಾರೂ ಇರಲ್ಲ. ಫುಲ್ ಟ್ಯಾಂಕ್ ಹಾಕಿ ಒಂದ್ಸಲ ಪೂರ್ತಿ ಓಡಿಸಿ ಟೈಮ್ ಬರೆದಿಟ್ಕೊಳ್ಳಿ.