ಸೀಟು ಸಿಕ್ಕ ಮೇಲೂ ಹನ್ನೆರಡನೆಯ ತರಗತಿಯ ಅಂಕಗಳು ಲೆಕ್ಕಕ್ಕೆ ಬರುತ್ತವೆಯೇ?

ಕ್ಯಾಲಿಫೋರ್ನಿಯಾದ ಹೈಸ್ಕೂಲೊಂದರ ಕೌನ್ಸೆಲಿಂಗ್ ವಿಭಾಗದಲ್ಲಿ ಕೆಲಸ ಮಾಡುವವನೆಂದು ತಿಳಿದಿರುವ ಕಾರಣ, ಏಪ್ರಿಲ್ ತಿಂಗಳಲ್ಲಿ ಪರಿಚಯದ ಕನ್ನಡ ಕುಟುಂಬಗಳವರು ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಮಗಳಿಗೆ ಯುಸಿಯಲ್ಲಿ ಸೀಟು ಸಿಕ್ಕಿತು. ಇನ್ನು ಸ್ಕೂಲಿನಲ್ಲಿ ಮಾರ್ಕ್ಸ್ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಅಲ್ಲವೇ ಸರ್?” ಸ್ವಲ್ಪ ಕಡಿಮೆಯಾದರೆ ನಡೆಯುತ್ತದೆ ಎಂಬುದೇ ನನ್ನ ಉತ್ತರ. ಆದರೆ ಸ್ವಲ್ಪವೆಂದರೆ ಎಷ್ಟು ಎಂಬುದನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಲಿಖಿತವಾಗಿಯೇ ತಿಳಿಸಿರುತ್ತದೆ, ಮತ್ತು ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಅದನ್ನು ಓದಿರುವುದಿಲ್ಲ.

ಈ ತಪ್ಪು ತಿಳಿವಳಿಕೆಗೆ ನಾವು ಬೆಳೆದು ಬಂದ ವ್ಯವಸ್ಥೆಯೂ ಒಂದು ಕಾರಣವಿರಬಹುದು. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು, ಸಿಇಟಿಯ ಅಂಕದ ಜೊತೆಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನೂ ಸಮಪಾಲಿನಲ್ಲಿ ಸೇರಿಸಿ ಎಂಜಿನಿಯರಿಂಗ್ ರ‍್ಯಾಂಕ್ ಕಟ್ಟಿದ ನಂತರವೇ ಸೀಟು ಹಂಚಿಕೆಯಾಗುತ್ತದೆ. ಸೀಟು ಕೈಗೆ ಬರುವ ಹೊತ್ತಿಗೆ ಓದು ಮುಗಿದಿರುತ್ತದೆ. ಇಲ್ಲಿ ಕ್ರಮವೇ ತಿರುಗುಮುರುಗು. ಅರ್ಜಿ ಹಾಕುವುದು ಅಕ್ಟೋಬರ್-ನವೆಂಬರ್‌ನಲ್ಲಿ, ಫಲಿತಾಂಶ ಬರುವುದು ಮಾರ್ಚ್ ಆಸುಪಾಸಿನಲ್ಲಿ, ತರಗತಿಗಳು ಮುಗಿಯುವುದು ಜೂನ್‌ನಲ್ಲಿ. ಯುಸಿ ತನ್ನ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ತೆಗೆದುಕೊಳ್ಳುವುದು ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಗ್ರೇಡುಗಳನ್ನು. ಹನ್ನೆರಡನೆಯ ತರಗತಿಯಲ್ಲಿ ಯಾವ ಯಾವ ವಿಷಯ ಓದುತ್ತೇನೆಂದು ವಿದ್ಯಾರ್ಥಿ ಬರೆದಿರುತ್ತಾನಷ್ಟೆ. ಅದೂ ಅಲ್ಲದೆ ಅರ್ಜಿಯ ಹಂತದಲ್ಲಿ ಶಾಲೆಯ ಟ್ರಾನ್‌ಸ್ಕ್ರಿಪ್ಟನ್ನು, ಅಂದರೆ ಅಧಿಕೃತ ಅಂಕಪಟ್ಟಿಯನ್ನು, ಯುಸಿ ಕೇಳುವುದಿಲ್ಲ, ಗ್ರೇಡುಗಳನ್ನು ವಿದ್ಯಾರ್ಥಿಯೇ ತುಂಬುತ್ತಾನೆ. ಅವನ ಮಾತನ್ನು ನಂಬಿ ಕೊಟ್ಟ ಪ್ರವೇಶವಾದ್ದರಿಂದಲೇ ಅದು ತಾತ್ಕಾಲಿಕ, ಮತ್ತು ಆ ಮಾತು ನಿಜವೇ ಎಂಬುದರ ತಾಳೆ ನೋಡುವುದು ಬೇಸಿಗೆಯಲ್ಲಿ.

ಈ ತಾತ್ಕಾಲಿಕ ಪ್ರವೇಶದ ಷರತ್ತುಗಳ ಮಾತುಗಳು ಯುಸಿಯ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ತುಸು ಬದಲಾದರೂ ತಿರುಳು ಹೀಗಿದೆ: ಹನ್ನೆರಡನೆಯ ತರಗತಿಯಲ್ಲಿ ತೂಕ ಸೇರಿಸದ (ಕಠಿಣ ವಿಷಯಗಳಿಗೆ ಹೆಚ್ಚುವರಿ ಅಂಕ ಕೊಡದ) ಜಿಪಿಎ 3.0ಕ್ಕಿಂತ ಕೆಳಗಿಳಿಯಬಾರದು, ಅರ್ಜಿಯಲ್ಲಿ ಕಾಣಿಸಿದ ವಿಷಯಗಳಲ್ಲಿ ಯಾವುದರಲ್ಲೂ ಸಿಗಿಂತ ಕಡಿಮೆ ಗ್ರೇಡು ಬರಬಾರದು. ಡಿ ಬರಬಾರದೆಂಬುದು ಎಲ್ಲರಿಗೂ ಗೊತ್ತು; ಮೊದಲನೆಯದನ್ನೇ ಮರೆಯುತ್ತಾರೆ. ಆರು ವಿಷಯಗಳಲ್ಲಿ ಎರಡು ಎ, ಒಂದು ಬಿ, ಮೂರು ಸಿ ಬಂದಿವೆಯೆನ್ನಿ. ಎಗೆ 4, ಬಿಗೆ 3, ಸಿಗೆ 2ರಂತೆ ಒಟ್ಟು 17 ಆಯಿತು, ಆರರಿಂದ ಭಾಗಿಸಿದರೆ 2.83. ಒಂದೇ ಒಂದು ಡಿ ಇಲ್ಲದೆಯೂ ಆ ಹುಡುಗ ಷರತ್ತು ಮುರಿದಂತಾಯಿತು. ಆ ಮೂರು ಸಿಗಳು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ವಿಷಯಗಳಲ್ಲಿ ಬಂದವು, ಅವುಗಳಿಗೆ ಹೆಚ್ಚುವರಿ ಅಂಕವಿದೆಯಲ್ಲ ಎಂದು ತಂದೆತಾಯಿಯರು ವಾದಿಸುತ್ತಾರೆ. ತೂಕ ಸೇರಿಸದ ಲೆಕ್ಕದಲ್ಲಿ ಆ ಹೆಚ್ಚುವರಿಗೆ ಜಾಗವಿಲ್ಲ.

ಗ್ರೇಡಿಗಿಂತಲೂ ನನಗೆ ಹೆಚ್ಚು ಆತಂಕ ತರುವುದು ಸದ್ದಿಲ್ಲದೆ ವಿಷಯ ಬಿಡುವುದು. ಜನವರಿಯಲ್ಲಿ ಎರಡನೆಯ ಸೆಮಿಸ್ಟರ್ ಶುರುವಾದಾಗ ಕ್ಯಾಲ್ಕುಲಸ್ ಕಷ್ಟವೆನಿಸಿ, ಶಾಲೆಯ ಅನುಮತಿ ಪಡೆದು, ಸುಲಭವಾದ ಬೇರೊಂದು ವಿಷಯಕ್ಕೆ ಬದಲಾಯಿಸಿಕೊಳ್ಳುವ ಮಕ್ಕಳಿದ್ದಾರೆ. ಶಾಲೆ ಒಪ್ಪಿತೆಂದರೆ ವಿಶ್ವವಿದ್ಯಾಲಯಕ್ಕೂ ತಿಳಿದಂತೆ ಎಂಬುದು ಅವರ ಭಾವನೆ. ಹಾಗಲ್ಲ, ಅದನ್ನು ತಿಳಿಸುವ ಹೊಣೆ ವಿದ್ಯಾರ್ಥಿಯದೇ. ಡಿ ಬಂದಾಗಲೂ ಅಷ್ಟೆ: ಏನಾಯಿತು, ಏಕಾಯಿತು, ಬೇಸಿಗೆಯಲ್ಲಿ ಅದೇ ವಿಷಯವನ್ನು ಮತ್ತೆ ಓದಿ ಸರಿಪಡಿಸಿಕೊಳ್ಳಬಹುದೇ ಎಂದು ಕ್ಯಾಂಪಸ್ಸಿನ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯೇ ನಾಲ್ಕು ಸಾಲು ಬರೆಯಬೇಕು, ಅಪ್ಪ ಬರೆದುಕೊಡುವುದಲ್ಲ. ತಿಳಿಸಿದ ಮಾತ್ರಕ್ಕೆ ಮನ್ನಿಸುತ್ತಾರೆಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ ಮೇ ತಿಂಗಳಲ್ಲಿ ತಾನಾಗಿ ಹೇಳಿಕೊಂಡವನಿಗೆ ಮಾತುಕತೆಗೆ ಸಮಯವಾದರೂ ಇರುತ್ತದೆ; ಜುಲೈಯಲ್ಲಿ ಸಿಕ್ಕಿಬಿದ್ದವನಿಗೆ ಅದೂ ಇರುವುದಿಲ್ಲ.

ಇಷ್ಟೆಲ್ಲ ಹೆದರಿಕೆ ಬೇಕೇ ಎನ್ನುವವರಿಗೆ ಯುಸಿಯ ಕ್ಯಾಂಪಸ್ಸುಗಳಲ್ಲೊಂದಾದ ಯುಸಿ ಅರ್ವೈನ್‌ನ 2017ರ ಪ್ರಕರಣವನ್ನು ನೆನಪಿಸುತ್ತೇನೆ. ಆ ಬೇಸಿಗೆಯಲ್ಲಿ ಎಣಿಸಿದ್ದಕ್ಕಿಂತ ನೂರಾರು ಮಂದಿ ಹೆಚ್ಚಾಗಿ ಪ್ರವೇಶ ಒಪ್ಪಿಕೊಂಡಿದ್ದರು. ತರಗತಿ ಆರಂಭವಾಗಲು ಸುಮಾರು ಎರಡು ತಿಂಗಳಿರುವಾಗ ಸುಮಾರು 500 ವಿದ್ಯಾರ್ಥಿಗಳ ಪ್ರವೇಶ ರದ್ದಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೇಲಿದ್ದ ಆಕ್ಷೇಪ ಟ್ರಾನ್‌ಸ್ಕ್ರಿಪ್ಟಿಗೆ ಸಂಬಂಧಿಸಿದ್ದು. ಗದ್ದಲವೆದ್ದ ಮೇಲೆ ಕುಲಪತಿ ಕ್ಷಮೆ ಕೇಳಿ ಬಹುಮಂದಿಯನ್ನು ಮರಳಿ ಸೇರಿಸಿಕೊಂಡರು, ನಿಜ. ಆದರೆ ಗ್ರೇಡಿನ ಷರತ್ತು ಪೂರೈಸದೆ ಇದ್ದವರಿಗೆ ಆ ರಿಯಾಯಿತಿ ಸಿಗಲಿಲ್ಲ. ವಿಶ್ವವಿದ್ಯಾಲಯ ಅಂದು ನಡೆದುಕೊಂಡ ರೀತಿ ಒರಟಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೂ ಜಾಗ ಸಾಲದ ವರ್ಷದಲ್ಲಿ ಷರತ್ತಿನ ಪ್ರತಿಯೊಂದು ಸಾಲಿಗೂ ಹಲ್ಲು ಮೂಡುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು.

ಖಾಸಗಿ ವಿಶ್ವವಿದ್ಯಾಲಯಗಳು ಇಂಥ ಅಂಕಿ ನಿಗದಿಪಡಿಸುವುದು ಅಪರೂಪ. ಅರ್ಜಿಯಲ್ಲಿ ತೋರಿಸಿದ ಮಟ್ಟವನ್ನೇ ಉಳಿಸಿಕೊಳ್ಳಬೇಕೆಂದಷ್ಟೇ ಅವು ಹೇಳುತ್ತವೆ, ಮತ್ತು ನಡತೆಯನ್ನೂ ನೋಡುತ್ತವೆ. ಅದೇ 2017ರಲ್ಲಿ ಹಾರ್ವರ್ಡ್, ಖಾಸಗಿ ಫೇಸ್‌ಬುಕ್ ಗುಂಪೊಂದರಲ್ಲಿ ಹೇಯವಾದ ಮೀಮ್‌ಗಳನ್ನು ಹಂಚಿಕೊಂಡದ್ದಕ್ಕಾಗಿ ಕನಿಷ್ಠ 10 ಮಂದಿಯ ಪ್ರವೇಶವನ್ನು ಹಿಂತೆಗೆದುಕೊಂಡಿತು.

ಇನ್ನು ಜೂನ್ ತಿಂಗಳ ಮಾತು. ಗ್ರಾಜುಯೇಷನ್ ಮುಗಿದ ವಾರವೇ ನಮ್ಮವರು ಬೆಂಗಳೂರಿನ ವಿಮಾನ ಹತ್ತುತ್ತಾರೆ. ಅಂತಿಮ ಟ್ರಾನ್‌ಸ್ಕ್ರಿಪ್ಟ್ ತಲುಪಿಸಬೇಕಾದ ಜುಲೈ 1 ಮತ್ತು ಎಪಿ ಪರೀಕ್ಷೆಗಳ ಅಂಕಗಳಿಗೆ ನಿಗದಿಯಾದ ಜುಲೈ 15 ಎರಡೂ ರಜೆಯ ನಡುವೆಯೇ ಬರುತ್ತವೆ, ಆ ಹೊತ್ತಿಗೆ ಶಾಲೆಯ ಕಚೇರಿಗೂ ಬೀಗ ಬಿದ್ದಿರಬಹುದು. ಟ್ರಾನ್‌ಸ್ಕ್ರಿಪ್ಟನ್ನು ಶಾಲೆಯೇ ನೇರವಾಗಿ ಕಳುಹಿಸಬೇಕು. ನೀವು ತೆರೆದು ನೋಡಿದ ಪ್ರತಿ ಅಧಿಕೃತವೆನಿಸುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜಿನಲ್ಲಿ) ಒಂದು ಕೋರ್ಸ್ ಮುಗಿಸಿದ್ದರೂ ಆ ಕಾಲೇಜಿನಿಂದ ಪ್ರತ್ಯೇಕ ಟ್ರಾನ್‌ಸ್ಕ್ರಿಪ್ಟ್ ಹೋಗಬೇಕು, ಹೈಸ್ಕೂಲಿನ ಟ್ರಾನ್‌ಸ್ಕ್ರಿಪ್ಟಿನಲ್ಲಿ ಅದರ ಉಲ್ಲೇಖವಿದ್ದರೂ ಸಾಲದು. ಇವೆಲ್ಲ ತಲುಪಿವೆಯೇ ಎಂಬುದು ಪೋರ್ಟಲ್‌ನಲ್ಲಿ ಕಾಣುತ್ತದೆ. ಸೂಟ್‌ಕೇಸ್ ಕಟ್ಟುವ ಮೊದಲು ಮಗಳ ಕೈಯಲ್ಲೇ ಅದನ್ನು ತೆರೆಸಿ ನೋಡಿ.