ಸುಂಕದ ಕಟ್ಟೆಯ ಮೇಲೆ ನಿಂತ ನೇಪಾಳ

ಸಮುದ್ರತೀರವಿಲ್ಲದ ಬಡ ದೇಶಗಳ ಮಾತು ಬಂದಾಗಲೆಲ್ಲ, ಬಂದರಿಲ್ಲದಿರುವುದೇ ಅವುಗಳ ಬಡತನದ ಮೂಲವೆಂಬ ವಾದ ಕೇಳಿಬರುತ್ತದೆ. ವಿಶ್ವಸಂಸ್ಥೆ ಇಂತಹ 32 ಅಭಿವೃದ್ಧಿಶೀಲ ದೇಶಗಳನ್ನು ಪಟ್ಟಿ ಮಾಡಿದ್ದು, ನಮ್ಮ ನೆರೆಯ ನೇಪಾಳವೂ ಅದರಲ್ಲಿ ಸೇರಿದೆ. ನೇಪಾಳದ ಮಟ್ಟಿಗೆ ಈ ವಾದ ಅರ್ಧ ಮಾತ್ರ ನಿಜವೆಂದು ನನಗೆ ಅನ್ನಿಸುತ್ತದೆ.

ನಿಜವಾದ ಅರ್ಧವನ್ನು ಮೊದಲು ನೋಡೋಣ. ನೇಪಾಳಕ್ಕೆ ಹಡಗಿನಲ್ಲಿ ಬರುವ ಸರಕು ಬಹುಕಾಲದಿಂದ ಇಳಿಯುವುದು ಕೋಲ್ಕತ್ತದಲ್ಲಿ. ಈಚೆಗೆ ವಿಶಾಖಪಟ್ಟಣವೂ ಜೊತೆಗೂಡಿದೆ. ಅಲ್ಲಿಂದ ಸುಮಾರು 700 ಕಿಲೋಮೀಟರ್ ರೈಲಿನಲ್ಲಿ ಸಾಗಿ, ಬಿಹಾರದ ರಕ್ಸೌಲ್ ದಾಟಿ, ಹಡಗಿನ ಸರಕನ್ನು ಒಳನಾಡಿನಲ್ಲಿ ಇಳಿಸಿಕೊಳ್ಳುವ ಬೀರ್‌ಗಂಜ್‌ನ ಒಣಬಂದರನ್ನು ಸೇರಬೇಕು. ದೂರಕ್ಕಿಂತ ದೊಡ್ಡ ತೊಡಕೆಂದರೆ ಈ ದಾರಿಯ ಬೀಗದ ಕೈ ಇನ್ನೊಬ್ಬರ ಬಳಿ ಇರುವುದು. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತವು ಎರಡನ್ನು ಬಿಟ್ಟು ಉಳಿದೆಲ್ಲ ಗಡಿದ್ವಾರಗಳನ್ನು ಮುಚ್ಚಿತು. ಸೀಮೆಎಣ್ಣೆಗೆ ಪರದಾಡಿದ ಜನ ಸೌದೆಗಾಗಿ ಕಾಡಿಗೆ ಕೈಹಾಕಿದರು. 2015ರಲ್ಲಿ, ಏಪ್ರಿಲ್‌ನ ಭೂಕಂಪದ ಗಾಯ ಮಾಯುವ ಮೊದಲೇ, ಹೊಸ ಸಂವಿಧಾನದ ವಿರುದ್ಧ, ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ನಿವಾಸಿಗಳಾದ ಮಧೇಸಿಗಳು ಎದ್ದ ಸಮಯದಲ್ಲಿ ಗಡಿಯ ಸಾಗಾಟ ತಿಂಗಳುಗಟ್ಟಲೆ ನಿಂತಿತು. ಅದು ಭಾರತದ ಅಘೋಷಿತ ದಿಗ್ಬಂಧನವೆಂದು ಕಠ್ಮಂಡು ಹೇಳಿದರೆ, ನೇಪಾಳದ ಒಳಗಿನ ಪ್ರತಿಭಟನೆಯೇ ಕಾರಣವೆಂದು ದೆಹಲಿ ಹೇಳಿತು. ಆ ಕಹಿಯಲ್ಲೇ ನೇಪಾಳ 2016ರಲ್ಲಿ ಚೀನಾದೊಂದಿಗೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಆದರೆ ಚೀನಾದ ಬಂದರುಗಳು ಮೂರು ಸಾವಿರ ಕಿಲೋಮೀಟರಿಗೂ ಆಚೆ ಇವೆ, ಹಿಮಾಲಯದ ರಸ್ತೆಗಳನ್ನಂತೂ ಮಳೆಗಾಲ ನಂಬಗೊಡುವುದಿಲ್ಲ. 2025ರ ಜುಲೈನಲ್ಲಿ ರಸುವಾಗಢಿಯ ಗಡಿ ಸೇತುವೆಯೇ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಆದರೆ ಬೀರ್‌ಗಂಜ್‌ನ ದ್ವಾರ ತೆರೆದೇ ಇರುವ ವರ್ಷಗಳಲ್ಲೂ ನೇಪಾಳದ ಆಮದು ರಫ್ತಿನ ಆರೇಳು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿನಷ್ಟು ಇರುತ್ತದೆ. ಇಷ್ಟು ಅಂತರವನ್ನು ತುಂಬುತ್ತಿರುವುದು ಹೊರದೇಶಕ್ಕೆ ದುಡಿಯಲು ಹೋದವರ ಹಣ. 2021ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 2.92 ಕೋಟಿ, ಮನೆಬಿಟ್ಟು ವಿದೇಶದಲ್ಲಿದ್ದವರು ಸುಮಾರು 22 ಲಕ್ಷ. ಕತಾರ್, ಸೌದಿ, ಮಲೇಷ್ಯಾಗಳಿಗೆ ಹೋಗುವವರು ಶ್ರಮ ಪರವಾನಗಿ ಪಡೆಯಬೇಕು. 1950ರ ಭಾರತ-ನೇಪಾಳ ಮೈತ್ರಿ ಒಪ್ಪಂದದ ಬಲದಿಂದ ಭಾರತಕ್ಕೆ ಬರುವವರಿಗೆ ಅದೂ ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಕಾವಲಿಗೂ ಹೋಟೆಲುಗಳ ಅಡುಗೆಮನೆಗೂ ಬಂದಿರುವ ನೇಪಾಳಿಗರು ಹೀಗಾಗಿಯೇ ಆ ಪರವಾನಗಿಯ ಲೆಕ್ಕದಲ್ಲಿ ಸಿಗುವುದಿಲ್ಲ. ಇವರೆಲ್ಲ ಕಳುಹಿಸುವ ಹಣ ದೇಶದ ಒಟ್ಟು ಉತ್ಪನ್ನದ ಕಾಲು ಭಾಗದಷ್ಟಾಗುತ್ತದೆ.

ಆ ಹಣದಿಂದ ಹಳ್ಳಿಗಳ ಬಡತನ ಇಳಿಯಿತು, ಮಕ್ಕಳು ಶಾಲೆಗೆ ಹೋದರು. ಇದನ್ನು ಹಗುರವಾಗಿ ಕಾಣುವ ಹಕ್ಕು ದೂರ ಕುಳಿತು ಬರೆಯುವ ನನ್ನಂಥವರಿಗಿಲ್ಲ. ನನ್ನ ತಕರಾರಿರುವುದು ಆ ಹಣ ಕೊನೆಗೆ ಸೇರುವ ಜಾಗದ ಬಗ್ಗೆ. ಮನೆಗೆ ಬಂದ ಹಣ ಅಕ್ಕಿ, ಮೊಬೈಲು, ಬೈಕು, ಪೆಟ್ರೋಲುಗಳಾಗುತ್ತದೆ. ಇವುಗಳಲ್ಲಿ ಬಹುಪಾಲು ಗಡಿಯಾಚೆಯಿಂದ ಬರುವುದರಿಂದ ಸರ್ಕಾರ ಗಡಿಯಲ್ಲೇ ಸುಂಕ, ಮೌಲ್ಯವರ್ಧಿತ ತೆರಿಗೆ, ಅಬಕಾರಿ ಎಲ್ಲವನ್ನೂ ವಸೂಲಿ ಮಾಡಿಕೊಳ್ಳುತ್ತದೆ. ತೆರಿಗೆ ಆದಾಯದ ಅರ್ಧಕ್ಕೆ ಹತ್ತಿರದಷ್ಟು ಹುಟ್ಟುವುದು ಈ ಸುಂಕದ ಕಟ್ಟೆಗಳಲ್ಲಿ. ಯುವಕರು ಊರು ಬಿಟ್ಟಷ್ಟೂ ಖಜಾನೆ ತುಂಬುವ ಈ ಏರ್ಪಾಡಿನಲ್ಲಿ, ಊರಿನಲ್ಲೇ ಕಾರ್ಖಾನೆ ತೆರೆಸುವ ತುರ್ತು ಯಾವ ಮಂತ್ರಿಗೂ ಹುಟ್ಟದಿರುವುದು ಸಹಜ. 2022ರಲ್ಲಿ ಇದು ಬಯಲಾಯಿತು. ವಿದೇಶಿ ವಿನಿಮಯ ಕರಗತೊಡಗಿದ್ದರಿಂದ ಆ ಏಪ್ರಿಲ್‌ನಲ್ಲಿ ಕಾರು, ಮದ್ಯ, ದುಬಾರಿ ಮೊಬೈಲು ಮೊದಲಾದವುಗಳ ಆಮದನ್ನು ನಿಷೇಧಿಸಲಾಯಿತು. ಡಾಲರ್ ಉಳಿಯಿತು, ಆದರೆ ಸುಂಕದ ವರಮಾನ ಕುಸಿಯಿತು. ಡಿಸೆಂಬರ್ ಹೊತ್ತಿಗೆ ನಿಷೇಧ ತೆರವಾಯಿತು.

ಇದರ ಜೊತೆಗೆ ನಾಣ್ಯದ ಕಟ್ಟು ಬೇರೆ. 1993ರಿಂದ ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರ ಬದಲಾಗಿಲ್ಲ. ಬೆಲೆಗಳಿಗೆ ಇದು ಒಂದು ಬಗೆಯ ಭದ್ರತೆಯನ್ನು ಕೊಟ್ಟಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹೊರಗಿನ ಹಣದಿಂದ ಕೂಲಿಯೂ ಬೆಲೆಯೂ ಏರುತ್ತಾ ಹೋದಾಗ, ರೂಪಾಯಿಯ ಮೌಲ್ಯವನ್ನು ಇಳಿಸಿ ತನ್ನ ಸರಕನ್ನು ಅಗ್ಗವಾಗಿಸುವ ದಾರಿ ನೇಪಾಳಕ್ಕೆ ಇಲ್ಲ. 1990ರ ದಶಕದಲ್ಲಿ ರತ್ನಗಂಬಳಿ ಮತ್ತು ಸಿದ್ಧ ಉಡುಪುಗಳು ಜರ್ಮನಿಗೂ ಅಮೆರಿಕಕ್ಕೂ ಹೋಗುತ್ತಿದ್ದವು. ಆಗಲೂ ನೇಪಾಳಕ್ಕೆ ಸಮುದ್ರವಿರಲಿಲ್ಲ. ಉಡುಪಿನ ಉದ್ಯಮ ನೆಲಕಚ್ಚಿದ್ದು 2005ರಲ್ಲಿ, ಯಾವ ದೇಶದಿಂದ ಎಷ್ಟು ಉಡುಪು ಕೊಳ್ಳಬೇಕೆಂದು ಮಿತಿ ಹಾಕುತ್ತಿದ್ದ ಜಾಗತಿಕ ಕೋಟಾ ವ್ಯವಸ್ಥೆ ಕೊನೆಗೊಂಡಾಗ.

ಈಗ ಭಾರತಕ್ಕೆ ಹೋಗುವ ರಫ್ತಿನಲ್ಲಿ ಮೇಲೆ ನಿಂತಿರುವುದು ಯಾವುದು ಗೊತ್ತೇ? ಖಾದ್ಯ ತೈಲ. ತಾಳೆ ಬೆಳೆಯದ, ಸೋಯಾವನ್ನೂ ಎಣ್ಣೆಗೆ ಸಾಲುವಷ್ಟು ಬೆಳೆಯದ ದೇಶವೊಂದು ಅರ್ಜೆಂಟೀನಾ, ಇಂಡೋನೇಷ್ಯಾಗಳಿಂದ ಕಚ್ಚಾ ಎಣ್ಣೆ ತರಿಸಿ, ಕೋಲ್ಕತ್ತದಲ್ಲಿ ಇಳಿಸಿ, ಬೀರ್‌ಗಂಜ್‌ವರೆಗೆ ಸಾಗಿಸಿ, ಶುದ್ಧೀಕರಿಸಿ, ಮತ್ತೆ ಅದೇ ಗಡಿಯಿಂದ ಭಾರತಕ್ಕೆ ಮಾರುತ್ತದೆ. ನೇಪಾಳದಿಂದ ಬರುವ ಎಣ್ಣೆಗೆ ಭಾರತದಲ್ಲಿ ಸುಂಕವಿಲ್ಲ ಎಂಬುದೊಂದೇ ಈ ವ್ಯಾಪಾರದ ತಳಹದಿ. 2024ರ ಸೆಪ್ಟೆಂಬರ್‌ನಲ್ಲಿ ಭಾರತ ಖಾದ್ಯ ತೈಲದ ಆಮದು ಸುಂಕವನ್ನು ಏರಿಸಿದ ಕೂಡಲೇ ನೇಪಾಳದ ರಫ್ತಿನ ಅಂಕಿಯೂ ಜಿಗಿಯಿತು. ಆ ಜಿಗಿತವನ್ನು ಕೈಗಾರಿಕಾ ಪ್ರಗತಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಬಂದರಿನ ಹಂಗಿಲ್ಲದ ಸರಕು ಒಂದಿದೆ, ವಿದ್ಯುತ್ತು. ಹತ್ತು ವರ್ಷಗಳ ಹಿಂದೆ ಚಳಿಗಾಲದಲ್ಲಿ ದಿನದ ಹೆಚ್ಚಿನ ಹೊತ್ತು ಕತ್ತಲಲ್ಲಿರುತ್ತಿದ್ದ ಕಠ್ಮಂಡುವಿನಲ್ಲಿ ಈಗ ಲೋಡ್‌ಶೆಡ್ಡಿಂಗ್ ಇಲ್ಲ. ಮಳೆಗಾಲದ ಹೆಚ್ಚುವರಿ ವಿದ್ಯುತ್ತು ಭಾರತಕ್ಕೆ ಬರುತ್ತದೆ, 2024ರ ನವೆಂಬರ್‌ನಲ್ಲಿ 40 ಮೆಗಾವಾಟ್ ಭಾರತದ ತಂತಿಗಳ ಮೂಲಕವೇ ಬಾಂಗ್ಲಾದೇಶವನ್ನೂ ತಲುಪಿತು. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಕೊಳ್ಳುವ ಒಪ್ಪಂದಕ್ಕೂ ಭಾರತ ಸಹಿ ಹಾಕಿದೆ. ಆದರೆ ಚೀನಾದ ಬಂಡವಾಳ ಅಥವಾ ಗುತ್ತಿಗೆ ಇರುವ ಯೋಜನೆಗಳ ವಿದ್ಯುತ್ತನ್ನು ಅದು ಮುಟ್ಟುವುದಿಲ್ಲ. ಗಡಿಯ ರಾಜಕಾರಣ ಲಾರಿಯಿಂದ ಇಳಿದು ತಂತಿಗೆ ಏರಿದೆ ಅಷ್ಟೇ.

ದೇಶದೊಳಗೆ ಈ ವಿದ್ಯುತ್ತು ಇನ್ನೊಂದು ಬದಲಾವಣೆ ತಂದಿದೆ. ನೇಪಾಳಕ್ಕೆ ಬರುವ ಹೊಸ ಕಾರುಗಳಲ್ಲಿ ಈಗ ಬಹುಪಾಲು ಎಲೆಕ್ಟ್ರಿಕ್ ಕಾರುಗಳು. ತನ್ನದೇ ನದಿಗಳ ಬಲದಿಂದ ಓಡುವ ಇವು ಹೊರಗಿನ ಪೆಟ್ರೋಲನ್ನು ಉಳಿಸುತ್ತವೆ. ಆದರೆ ಪೆಟ್ರೋಲಿನ ಮೇಲೂ ಪೆಟ್ರೋಲ್ ಕಾರುಗಳ ಮೇಲೂ ಗಡಿಯಲ್ಲಿ ಸಿಗುತ್ತಿದ್ದ ಭಾರೀ ಸುಂಕಕ್ಕೆ ಅಷ್ಟರ ಮಟ್ಟಿಗೆ ಕತ್ತರಿ ಬೀಳುತ್ತದೆ. 2024ರ ಬಜೆಟ್ಟಿನಲ್ಲಿ ಸರ್ಕಾರ ಎಲೆಕ್ಟ್ರಿಕ್ ಕಾರುಗಳ ಮೇಲಿನ ಸುಂಕವನ್ನೂ ಏರಿಸಿತು.