ಬೂಷ್ಟಿನ ದಾರಿ ಕಾಯುವ ತೋಟ

ನಾನು ಓದಿದ್ದು ಸಸ್ಯರೋಗ, ಹೊಟ್ಟೆಪಾಡೂ ಅದರಲ್ಲೇ. ಬೊಟ್ರೈಟಿಸ್ ಸಿನೇರಿಯಾ ಎಂಬ ಹೆಸರು ಕೇಳಿದರೆ ನಮ್ಮ ಕಸುಬಿನವರಿಗೆ ಮೈ ಉರಿಯುತ್ತದೆ. ಸ್ಟ್ರಾಬೆರಿ, ಟೊಮೆಟೊ, ಗುಲಾಬಿ, ದ್ರಾಕ್ಷಿ, ಯಾವುದನ್ನೂ ಬಿಡದ ಬೂದು ಬೂಷ್ಟು ಅದು. ಕೊಯ್ಲಿನ ಹೊತ್ತಿಗೆ ನಾಲ್ಕು ದಿನ ಮಳೆ ಹಿಡಿದರೆ ಮುಗಿಯಿತು, ಗೊಂಚಲಿಗೆ ಗೊಂಚಲೇ ಕೊಳೆತು ಹೋಗುತ್ತದೆ. ಇಂಥ ರೋಗ ಯಾವಾಗ ಬರುತ್ತದೋ ಎಂದು ದಾರಿ ಕಾಯುವ ದ್ರಾಕ್ಷಿ ತೋಟ ಇದೆ ಅಂದಮೇಲೆ ನೋಡದೆ ಇರಲಾಗುತ್ತದೆಯೇ? ಕೆಲಸದ ಮೇಲೆ ಫ್ರಾನ್ಸಿನ ಬೋರ್ದೊಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಹೊರಟೆ.

ಬೋರ್ದೊ ನಗರದಿಂದ ಗಾರೋನ್ ನದಿಯ ಹರಿವಿಗೆ ಎದುರಾಗಿ ಸುಮಾರು 40 ಕಿಲೋಮೀಟರ್ ಹೋದರೆ ಸೋತೆರ್ನ್ ಸಿಗುತ್ತದೆ. ಪುಟ್ಟ ಊರು. ಹತ್ತಿರದ ದಿಬ್ಬದ ಮೇಲೆ ನಾನು ಹುಡುಕಿ ಬಂದ ತೋಟ, ಶಾತೋ ದಿಕೆಮ್. ಅಲ್ಲಿನ ಸಿಹಿ ಬಿಳಿ ವೈನಿಗೂ ದಿಕೆಮ್ ಎಂದೇ ಹೆಸರು. ಕಲ್ಲಿನ ಗೋಡೆ, ಮೂಲೆಗೊಂದು ಗೋಪುರ, ಸುತ್ತಲೂ ಇಳಿಜಾರಿನಲ್ಲಿ ಬಳ್ಳಿಗಳು. 1855ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ದೊ ವೈನ್‌ಗಳಿಗೆ ದರ್ಜೆ ಕಟ್ಟಿಸಿದ. ಆಗ ಸಿಹಿ ಬಿಳಿ ವೈನ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿದ್ದು ಇದೊಂದಕ್ಕೇ. ಇವತ್ತಿಗೂ ಆ ಸಾಲಿನಲ್ಲಿ ಎರಡನೇ ಹೆಸರಿಲ್ಲ.

ಇಲ್ಲಿನ ಗುಟ್ಟು ಸಿರೋಂ ಎಂಬ ಸಣ್ಣ ಹೊಳೆಯಲ್ಲಿದೆ. ಮರಗಳ ನೆರಳಲ್ಲಿ ಹರಿದು ಬರುವ ತಣ್ಣನೆ ನೀರು ಅದು. ಗಾರೋನ್ ನದಿಯ ನೀರು ಅದಕ್ಕಿಂತ ಬೆಚ್ಚಗೆ. ಎರಡೂ ಸೇರುವ ಜಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬೆಳಗಿನಲ್ಲಿ ಮಂಜು ಏಳುತ್ತದೆ. ನಾನು ಹೋದ ದಿನವೂ ಹಾಗೇ ಇತ್ತು, ಬಳ್ಳಿಯ ಮೂರನೇ ಸಾಲು ಕಾಣುತ್ತಿರಲಿಲ್ಲ. ಆ ತೇವಕ್ಕೆ ಬೂಷ್ಟು ಚಿಗುರುತ್ತದೆ, ಹಣ್ಣಿನ ಸಿಪ್ಪೆಯಲ್ಲಿ ಸೂಕ್ಷ್ಮ ತೂತು ಕೊರೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂದು, ಗಾಳಿ ಬೀಸಿ, ಆ ತೂತುಗಳಿಂದ ನೀರು ಆರಿ ಹೋಗುತ್ತದೆ. ಸಕ್ಕರೆ, ಹುಳಿ, ಸುವಾಸನೆ ಎಲ್ಲ ಒಳಗೇ ಗಟ್ಟಿಯಾಗುತ್ತವೆ. ಮಂಜು ಬರದಿದ್ದರೆ ಏನೂ ಆಗುವುದಿಲ್ಲ. ಬಿಸಿಲು ಬರದಿದ್ದರೆ ನಮಗೆಲ್ಲ ಗೊತ್ತಿರುವ ಕೊಳೆರೋಗವೇ ಗತಿ. ಶಿಲೀಂಧ್ರ ಅದೇ, ಬಳ್ಳಿ ಅದೇ. ವರವೋ ಶಾಪವೋ ಎಂದು ತೀರ್ಮಾನಿಸುವುದು ಹವಾಮಾನ. ಹಣ್ಣು ಇನ್ನೂ ಕಾಯಾಗಿರುವಾಗ ಬಂದರಂತೂ ಅಲ್ಲಿಯೂ ಅದು ಶತ್ರುವೇ, ಎಲೆ ಸವರಿ ಗಾಳಿಯಾಡುವಂತೆ ಮಾಡಿ ದೂರ ಇಡುತ್ತಾರೆ.

ಸಾಲಿನ ಅಂಚಿನಲ್ಲಿ ಕೂತು ಒಂದು ಗೊಂಚಲನ್ನು ಹತ್ತಿರದಿಂದ ನೋಡಿದೆ. ಒಂದೇ ಗೊಂಚಲಿನಲ್ಲಿ ರೋಗದ ಎಲ್ಲ ಹಂತಗಳೂ ಇದ್ದವು. ಕೆಲವು ಹಣ್ಣು ಹೊನ್ನಿನ ಬಣ್ಣಕ್ಕೆ ತಿರುಗಿ ಮೈಮೇಲೆ ಕಂದು ಚುಕ್ಕೆ ಮಾತ್ರ ಬಿದ್ದಿತ್ತು. ಪಕ್ಕದವು ಪೂರ್ತಿ ನೇರಳೆಗಂದು, ಆದರೆ ಇನ್ನೂ ಉಬ್ಬಿಕೊಂಡೇ ಇದ್ದವು. ಇನ್ನು ಕೆಲವು ಸುಕ್ಕುಗಟ್ಟಿ, ಬೂದಿ ಚೆಲ್ಲಿದ ಹಾಗೆ ಮೈತುಂಬ ಬೂಷ್ಟು ಹೊದ್ದಿದ್ದವು. ಬೇಕಾದ್ದು ಈ ಕೊನೆಯವೇ. ಕೊಯ್ಯುವ ಹೆಂಗಸು ಸಣ್ಣ ಕತ್ತರಿಯ ಮೊನೆಯಿಂದ ಅವನ್ನಷ್ಟೇ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೆಲಕ್ಕೆ ಎಸೆದರು. ವಿನೆಗರ್ ವಾಸನೆ ಬಂದಿತ್ತಂತೆ. ನನಗೊಂದು ಹಣ್ಣು ಕೊಟ್ಟರು. ಕಸದ ಬುಟ್ಟಿಗೆ ಹೋಗಬೇಕಾದ ಮುಖ ಅದಕ್ಕೆ. ಬಾಯಿಗೆ ಹಾಕಿದರೆ ಆಪ್ರಿಕಾಟ್ ಜ್ಯಾಮ್! ಬೆರಳು ಅಂಟಂಟಾಗಿ ಆಮೇಲೆ ಪೆನ್ ಹಿಡಿಯುವುದೇ ಕಷ್ಟವಾಯಿತು.

ಉಳಿದ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು, ಕೆಲವು ದಿನ ಬಿಟ್ಟು ಅದೇ ಸಾಲಿಗೆ ಮತ್ತೆ ಬರುತ್ತಾರೆ. ಹೀಗೆ ಐದಾರು ಸಲ, ಕೆಲವು ವರ್ಷ ನವೆಂಬರ್ ತನಕ. ಅಷ್ಟೆಲ್ಲ ಮಾಡಿ ಸಿಗುವುದು ಹೆಕ್ಟೇರಿಗೆ ಸರಾಸರಿ 900 ಲೀಟರ್ ಮಾತ್ರ. ಸೋತೆರ್ನ್ ಹೆಸರಿನ ವೈನ್‌ಗೆ ಕಾನೂನು 2,500 ಲೀಟರ್ ತನಕ ಬಿಡುತ್ತದೆ. ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್ ಎಂದು ಅವರು ಹೇಳಿಕೊಳ್ಳುತ್ತಾರೆ. ಸುಮ್ನೆ ಜಾಹೀರಾತಿನ ಮಾತಿರಬೇಕು ಎಂದುಕೊಂಡು ಲೆಕ್ಕ ಹಾಕಿದೆ. ಹೆಕ್ಟೇರಿಗೆ ಆರೂವರೆ ಸಾವಿರ ಬಳ್ಳಿ ಎಂದು ಹಿಡಿದರೆ ತಲಾ 140 ಮಿಲಿಲೀಟರ್ ಬರುತ್ತದೆ. ಸರಿಯಾಗಿಯೇ ಇದೆ.

ದ್ರಾಕ್ಷಿ ಮುಖ್ಯವಾಗಿ ಸೆಮಿಯೋಂ, ಜೊತೆಗೆ ಸ್ವಲ್ಪ ಸೋವಿನ್ಯೋಂ ಬ್ಲಾಂ. ರಸದಲ್ಲಿ ಎಷ್ಟು ಸಕ್ಕರೆ ಇರುತ್ತದೆಂದರೆ ಈಸ್ಟ್ ಅದನ್ನು ಪೂರ್ತಿ ತಿಂದು ಮುಗಿಸಲಾರದು. ಆಲ್ಕೋಹಾಲ್ ಶೇಕಡಾ 13-14ಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ನಿಲ್ಲುತ್ತದೆ. ಲೀಟರಿಗೆ 120 ಗ್ರಾಂಗಿಂತ ಜಾಸ್ತಿ ಸಕ್ಕರೆ ಹಾಗೇ ಉಳಿಯುತ್ತದೆ. ಆಮೇಲೆ ಹೊಸ ಓಕ್ ಪೀಪಾಯಿಗಳಲ್ಲಿ ಎರಡು ವರ್ಷದ ಆಸುಪಾಸು ವಾಸ.

ಈ ತೋಟದ ಕಥೆ ಹೇಳುವವರೆಲ್ಲ ಮೊದಲು ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಹೆಸರು ಎತ್ತುತ್ತಾರೆ. 1787ರಲ್ಲಿ ಬೋರ್ದೊಗೆ ಬಂದಿದ್ದ, 1784ರ ವೈನ್ 250 ಬಾಟಲಿ ತರಿಸಿಕೊಂಡ. ಆಯಿತು, ದೊಡ್ಡ ಗಿರಾಕಿ. ಆದರೆ ನನಗೆ ಇಷ್ಟವಾದದ್ದು ಫ್ರಾಂಸ್ವಾಸ್-ಜೋಸೆಫೀನ್ ಎಂಬ ಹೆಣ್ಣುಮಗಳ ಕಥೆ. ತೋಟ ಅವಳ ತವರಿನದು, 1593ರಿಂದ ಸೋವಾಜ್ ಮನೆತನದ ಕೈಯಲ್ಲಿತ್ತು. 1785ರಲ್ಲಿ ಲ್ಯೂರ್-ಸಲ್ಯೂಸ್ ಮನೆತನದ ಕೌಂಟ್ ಜೊತೆ ಮದುವೆ. ಮೂರು ವರ್ಷಕ್ಕೆ ಗಂಡ ತೀರಿಕೊಂಡ, ಅವಳಿಗೆ ಇನ್ನೂ ಇಪ್ಪತ್ತರ ಪ್ರಾಯ. ಮರುವರ್ಷವೇ ಫ್ರೆಂಚ್ ಕ್ರಾಂತಿ. ಎರಡು ಸಲ ಜೈಲಿಗೆ ಹಾಕಿದರು. ಶ್ರೀಮಂತರ ತಲೆಗಳೇ ಉರುಳುತ್ತಿದ್ದ ಕಾಲದಲ್ಲಿ ತಲೆಯನ್ನೂ ಉಳಿಸಿಕೊಂಡಳು, ತೋಟವನ್ನೂ ಉಳಿಸಿಕೊಂಡಳು. 1826ರಲ್ಲಿ ವೈನ್ ಇಡಲು ಅಲ್ಲೇ ಉಗ್ರಾಣ ಕಟ್ಟಿಸಿದಳು. 1851ರಲ್ಲಿ ತೀರಿಕೊಂಡಳು, 1855ರ ದರ್ಜೆ ನೋಡಲು ನಾಲ್ಕು ವರ್ಷ ಸಾಲದೆ ಹೋಯಿತು. ಜೆಫರ್ಸನ್ ಕೊಂಡು ಕುಡಿದ, ಇವಳು ತೋಟ ನಡೆಸಿದಳು. ಯಾರ ಹೆಸರು ಮೊದಲು ಬರಬೇಕು ಹೇಳಿ.

ಇನ್ನು ಹರಾಜಿನ ಸುದ್ದಿ. 1811ರ ಒಂದು ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು. ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ನಾನು ಈ ತೋಟಕ್ಕೆ ಕೈ ಮುಗಿಯುವುದು ಅವರು ವೈನ್ ಮಾಡದೇ ಬಿಟ್ಟ ವರ್ಷಗಳಿಗಾಗಿ. 1910, 1915, 1930, 1951, 1952, 1964, 1972, 1974, 1992. ಈ ವರ್ಷಗಳ ದಿಕೆಮ್ ನಿಮಗೆ ಎಲ್ಲಿಯೂ ಸಿಗುವುದಿಲ್ಲ. ವರ್ಷವಿಡೀ ದುಡಿದು, ಕೂಲಿ ಕೊಟ್ಟು, ಕೊನೆಗೆ 'ಇದಕ್ಕೆ ನಮ್ಮ ಹೆಸರು ಬೇಡ' ಅಂದುಬಿಟ್ಟರು. 1951 ಮತ್ತು 1952 ಒಂದರ ಹಿಂದೆ ಒಂದು! ಎರಡು ವರ್ಷ ಬರಿಗೈ ಅಂದರೆ ಎಂಥ ಮನೆತನಕ್ಕೂ ಬಿಸಿ ತಟ್ಟುತ್ತದೆ, ಅಲ್ವಾ? 1990ರ ದಶಕದ ಕೊನೆಗೆ ತೋಟ ಎಲ್‌ವಿಎಂಎಚ್ ಕಂಪನಿಯ ಕೈಗೆ ಹೋಯಿತು. ಕೈಚೀಲ, ಸೆಂಟು ಮಾರುವ ದೈತ್ಯರು, ಲಾಭದ ಲೆಕ್ಕ ಬಂದಮೇಲೆ ಇನ್ನು ಈ ಹಠ ಎಲ್ಲಿ ಉಳಿಯುತ್ತದೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಆದರೆ 2012ರಲ್ಲಿ ಬೂಷ್ಟು ಸರಿಯಾಗಿ ಹಿಡಿಯಲಿಲ್ಲ, ಮಳೆ ಕೆಡಿಸಿತು. ಆ ವರ್ಷವೂ ದಿಕೆಮ್ ಹೆಸರಿನಲ್ಲಿ ಬಾಟಲಿ ಬರಲಿಲ್ಲ. ಬೆಳೆ ನಷ್ಟದ ವರದಿಗಳನ್ನೇ ಬರೆದು ಜೀವನ ಸವೆಸುವ ನನಗೆ ಈ ಪಟ್ಟಿ ಆ ಹರಾಜಿನ ಬೆಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಕೊನೆಗೂ ಕುಡಿದದ್ದು ಒಂದು ಸಣ್ಣ ಗ್ಲಾಸ್. ಬಣ್ಣ ತಿಳಿ ಚಿನ್ನ. ಮೂಗಿಗೆ ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಕೇಸರಿ, ಜೇನು. ಇಷ್ಟು ಸಕ್ಕರೆಗೆ ಪಾಯಸದ ಹಾಗೆ ಬಾಯಿ ಕಟ್ಟಬೇಕಿತ್ತು. ಕಟ್ಟುವುದಿಲ್ಲ. ಬೂಷ್ಟಿನ ತೂತುಗಳಿಂದ ನೀರು ಆರಿದಾಗ ಹುಳಿಯೂ ಗಟ್ಟಿಯಾಗಿರುತ್ತದೆ ಎಂದೆನಲ್ಲ, ಆ ಹುಳಿಯೇ ಸಿಹಿಯನ್ನು ಎತ್ತಿ ಹಿಡಿಯುತ್ತದೆ. ನುಂಗಿದ ಮೇಲೂ ಬಹಳ ಹೊತ್ತು ರುಚಿ ಹೋಗಲಿಲ್ಲ. ಜೊತೆಗೆ ಫ್ವಾ ಗ್ರಾ, ಅಂದರೆ ಕೊಬ್ಬಿಸಿದ ಬಾತುಕೋಳಿಯ ಯಕೃತ್ತು ತಿನ್ನುವುದು ಅಲ್ಲಿನ ಸಂಪ್ರದಾಯ. ನನ್ನ ಓಟು ಉಪ್ಪುಪ್ಪಾದ ರೋಕ್‌ಫೋರ್ ಚೀಸ್‌ಗೆ. ಅದರ ನೀಲಿ ಗೆರೆಗಳೂ ಬೂಷ್ಟೇ. ಒಂದು ಶಿಲೀಂಧ್ರದ ಜೊತೆ ಇನ್ನೊಂದು ಶಿಲೀಂಧ್ರ, ನನ್ನ ಕಸುಬಿನವರಿಗೆ ಹೇಳಿ ಮಾಡಿಸಿದ ಊಟ.

1959ರಿಂದ ಇದೇ ತೋಟದವರು ಇಗ್ರೆಕ್ ಎಂಬ ಸಿಹಿ ಕಡಿಮೆ ಇರುವ ಬಿಳಿ ವೈನ್ ಕೂಡ ಮಾಡುತ್ತಾರೆ. ಚೆನ್ನಾಗಿರಬಹುದು, ನಾನು ಹೋಗಿದ್ದು ಅದಕ್ಕಲ್ಲ. ದಿಕೆಮ್ ಬೆಲೆ ಕೇಳಿ ಎದೆ ಝಲ್ ಅಂದರೆ ಪಕ್ಕದ ತೋಟ ಸ್ಯುದಿರೋ, ಇಲ್ಲವೇ ಬಾರ್ಸಾಕ್ ಊರಿನ ಯಾವುದಾದರೂ ಬಾಟಲಿ ನೋಡಿ. ಅವರಿಗೂ ಅದೇ ಹೊಳೆಯ ಮಂಜು, ಅದೇ ಬೂಷ್ಟು. ಅರ್ಧ ಬಾಟಲಿ ಸಾಕು. ಐಸ್‌ನಂತೆ ತಣ್ಣಗೆ ಮಾಡಬೇಡಿ, 10-12 ಡಿಗ್ರಿ ಇದ್ದರೆ ವಾಸನೆ ಬಿಚ್ಚಿಕೊಳ್ಳುತ್ತದೆ.